ಬೆಸುಗೆ ಹಾಕಿದ ಡಬ್ಬಿ ಮತ್ತು ಸಂಶಯದ ಕಾಕಾ

ಗ್ಯಾರೇಜ್ ಇಟ್ಟುಕೊಂಡವನಿಗೆ ಕೆಟ್ಟ ಗಾಡಿ ರಿಪೇರಿ ಮಾಡುವುದು ದೊಡ್ಡ ಕೆಲಸವಲ್ಲ. ಗಾಡಿಯ ಜೊತೆಗೆ ಬರುವ ಸಂಶಯವನ್ನು ರಿಪೇರಿ ಮಾಡುವುದೇ ದೊಡ್ಡ ಕೆಲಸ, ಮತ್ತು ಅದು ವಾರಕ್ಕೆರಡು ಸಲವಾದರೂ ಬಂದೇ ಬರುತ್ತದೆ.

ಯಮಕನಮರಡಿಯ ಹೆದ್ದಾರಿ ಬಾಜೂಕ್ಕೆ ನನ್ನ ಗ್ಯಾರೇಜ್. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯ ಮಾತು. ರಸ್ತೆ ಇನ್ನೂ ಅಗಲವಾಗಿರಲಿಲ್ಲ, ಊರ ಹೊರಗಿನ ಏರಿನಲ್ಲಿ ದಿನಕ್ಕೊಂದು ಲಾರಿಯಾದರೂ ಉಸಿರುಗಟ್ಟಿ ನಿಲ್ಲುತ್ತಿತ್ತು. ನನ್ನ ಪಾಲುದಾರರು ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಬಿಚ್ಚಿ ನೋಡದ ಯಾವ ವಸ್ತುವನ್ನೂ ನಂಬದವರು. ಬಸ್ಸು ಹತ್ತುವಾಗ ಬೋರ್ಡು ಓದುತ್ತಾರೆ, ಕಂಡಕ್ಟರನ್ನು ಕೇಳುತ್ತಾರೆ, ಡ್ರೈವರನ್ನು ಕೇಳುತ್ತಾರೆ, ಒಳಗೆ ಕೂತವರನ್ನೂ ಕೇಳುತ್ತಾರೆ. ಎಲ್ಲರೂ ಅದೇ ಊರಿನ ಹೆಸರು ಹೇಳಿದರೆ, "ಎಲ್ಲಾರೂ ಒಂದ ಹೇಳಾಕತ್ತಾರಂದ್ರ ಮೊದಲ ಮಾತಾಡಿಕೊಂಡಾರ" ಅನ್ನುತ್ತಾರೆ.

ಇಂಥ ಮನುಷ್ಯನ ಜೊತೆ ಸೇರಿ ನಾನು ಕ್ಲಚ್ ಇಲ್ಲದ ಟ್ರಕ್ಕು ಕೊಂಡೆ.

ಮೂರನೇ ಪೆಡಲ್

ಅದು ಪರದೇಶದ ಹಳೇ ಟ್ರಕ್ಕು. ಯಾವುದೋ ಕಾಲುವೆ ಕೆಲಸಕ್ಕೆ ತಂದದ್ದು, ಕೆಲಸ ಮುಗಿದ ಮೇಲೆ ಹರಾಜಿಗೆ ಇಟ್ಟಿದ್ದರು. ಡೀಸೆಲ್ ಇಂಜಿನ್ನು ಚೊಕ್ಕ ಇತ್ತು. ನಿಂತ ಲಾರಿಗಳನ್ನು ಜಗ್ಗಲು ಇದಕ್ಕಿಂತ ಗಟ್ಟಿ ಗಾಡಿ ಸಿಗದು ಎಂದು ನನಗೆ ಕಂಡಿತು.

ಕಾಕಾ ಒಳಗೆ ಹತ್ತಿ ಕೂತರು. ಎಡಗಾಲು ಚಾಚಿದರು. ಕೆಳಗೆ ಏನೂ ಸಿಗಲಿಲ್ಲ. ಮತ್ತೊಮ್ಮೆ ಚಾಚಿದರು. ಆಮೇಲೆ ತಲೆ ಬಗ್ಗಿಸಿ ನೋಡಿ, ಇಳಿದು ಬಂದು, ಹರಾಜಿನ ಗುಮಾಸ್ತನ ಮುಂದೆ ನಿಂತರು.

"ಮೂರನೇ ಪೆಡಲ್ ಎಲ್ಲಿ ಹೋತ್ರಿ?"

"ಅದಕ್ಕ ಎರಡ ಇರತಾವ್ರಿ. ಕ್ಲಚ್ ಇಲ್ಲದ ಗಾಡಿ. ತಾನ ಗೇರ ಹಾಕಿಕೋತೈತಿ."

"ತಾನ ಹಾಕಿಕೋತೈತಿ," ಎಂದು ಕಾಕಾ ನನ್ನ ಕಡೆ ತಿರುಗಿದರು. "ತಮ್ಮಾ, ಯಾರೋ ಬಿಚ್ಚಿ ಮಾರಿಕೊಂಡಾರ. ಈಗ ಹಿಂಗ ಕತಿ ಹೇಳಾಕತ್ತಾರ."

ಗುಮಾಸ್ತ ಹೆದರಿದ. ನಾಳೆ ಈ ಮನುಷ್ಯ ಪೆಡಲ್ ಕಳವಾಗಿದೆ ಎಂದು ಅರ್ಜಿ ಕೊಟ್ಟರೆ ತನ್ನ ಕುತ್ತಿಗೆಗೆ ಬರುತ್ತದೆ ಎಂದು ಅವನಿಗೆ ಸಂಶಯ ಬಂದು, ಅಲ್ಲೇ ಕಾಗದ ತೆಗೆದು ಬರೆದ: "ಈ ವಾಹನಕ್ಕೆ ಎರಡೇ ಪೆಡಲ್ ಇರುವುದನ್ನು ಕಣ್ಣಾರೆ ನೋಡಿ ತೆಗೆದುಕೊಂಡಿರುತ್ತೇವೆ." ಸಹಿ ಮಾಡಿರೆಂದು ಕಾಕಾನ ಕೈಗೆ ಪೆನ್ನು ಕೊಟ್ಟ.

ಕಾಕಾ ಮೂರು ಸಲ ಓದಿದರು. ಸಹಿ ಮಾಡಿದರು. ಸಹಿಯ ಕೆಳಗೆ ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು: "ನೋಡಿದ್ದು ಖರೆ. ನಂಬಿದ್ದು ಅಲ್ಲ."

ಎರಡು ಫ್ಯಾನು

ಗಾಡಿ ಮನೆಗೆ ಬಂದ ಮೇಲೆ ಕಾಕಾ ಊಟ ಬಿಟ್ಟರೂ ಪ್ರಶ್ನೆ ಬಿಡಲಿಲ್ಲ. ಕ್ಲಚ್ ಇಲ್ಲದಿದ್ದರೆ ಇಂಜಿನ್ನಿಗೂ ಗೇರ್ ಪೆಟ್ಟಿಗೆಗೂ ನಡುವೆ ಏನಿದೆ? ನಾನು ಹೇಳಿದೆ: ನಡುವೆ ಒಂದು ದುಂಡನೆಯ ಡಬ್ಬಿ ಇದೆ, ಅದಕ್ಕೆ ಟಾರ್ಕ್ ಕನ್ವರ್ಟರ್ ಅನ್ನುತ್ತಾರೆ, ಅದರ ತುಂಬ ಎಣ್ಣೆ. ಇಂಜಿನ್ನು ಎಣ್ಣೆಯನ್ನು ತಿರುಗಿಸುತ್ತದೆ, ಎಣ್ಣೆ ಗಾಡಿಯನ್ನು ಓಡಿಸುತ್ತದೆ.

"ಕಬ್ಬಿಣಕ್ಕ ಕಬ್ಬಿಣ ಹತ್ತಿಲ್ಲೇನು?"

"ಇಲ್ರಿ ಕಾಕಾ. ಬರೇ ಎಣ್ಣಿ."

"ಎಣ್ಣಿ ಲಾರಿ ಜಗ್ಗತೈತಿ." ಕಾಕಾ ಕಣ್ಣು ಮುಚ್ಚಿಕೊಂಡರು. "ಡಬ್ಬಿ ಬಿಚ್ಚಿ ತೋರ್ಸು."

"ಬಿಚ್ಚಾಕ ಬರಂಗಿಲ್ರಿ. ಸುತ್ತಲೂ ಬೆಸಗಿ ಹಾಕ್ಯಾರ."

"ಬೆಸಗಿ ಹಾಕಿ ಮುಚ್ಯಾರಂದ್ರ ಒಳಗ ತೋರಸಬಾರದ್ದು ಏನೋ ಐತಿ."

ಒಂದು ರವಿವಾರ ಅವರ ಮನೆಗೆ ಊಟಕ್ಕೆ ಹೋದಾಗ ಎರಡು ಟೇಬಲ್ ಫ್ಯಾನು ಎದುರುಬದರು ಇಟ್ಟೆ. ಒಂದನ್ನು ಚಾಲೂ ಮಾಡಿದೆ. ಅದರ ಗಾಳಿಗೆ ಎದುರಿನ ಫ್ಯಾನಿನ ರೆಕ್ಕೆಯೂ ಮೆಲ್ಲಗೆ ತಿರುಗತೊಡಗಿತು. "ನೋಡ್ರಿ ಕಾಕಾ, ಇಲ್ಲಿ ಗಾಳಿ, ಅಲ್ಲಿ ಎಣ್ಣಿ. ಅಷ್ಟ ಫರಕು."

ಕಾಕಾ ಎದ್ದು ಎರಡನೇ ಫ್ಯಾನಿನ ವೈರು ಹಿಡಿದು ಹಿಂಬಾಲಿಸಿ ಪ್ಲಗ್ ಹುಡುಕಿದರು. ಪ್ಲಗ್ಗನ್ನು ಗಟ್ಟಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತರು. ಫ್ಯಾನು ತಿರುಗುತ್ತಲೇ ಇತ್ತು. ಮುಷ್ಟಿ ಬಿಚ್ಚಿ ಪ್ಲಗ್ ಅಲ್ಲೇ ಇದೆಯೇ ಎಂದು ನೋಡಿದರು. ಫ್ಯಾನನ್ನು ಎತ್ತಿ ತಳ ನೋಡಿದರು. ಕೊನೆಗೆ, "ಒಳಗ ಬ್ಯಾಟರಿ ಶೆಲ್ ಹಾಕೀಯೇನು?" ಅಂದರು. ಫ್ಯಾನು ಅವರ ಮನೆಯದೇ.

ಅಷ್ಟರಲ್ಲಿ ರೊಟ್ಟಿ ಬಡಿಯುತ್ತಿದ್ದ ಕಾಕು, ಅಂದರೆ ಕಾಕಾನ ಹೆಂಡತಿ, ಬಾಗಿಲಿಗೆ ಬಂದು ನೋಡಿದರು. ಕಾಕಾಗೆ ಅರ್ಥವಾಗದ್ದು ಅವರಿಗೆ ತಟ್ಟನೆ ಅರ್ಥವಾಯಿತು. "ಒಂದ ಕರೆಂಟಿನ್ಯಾಗ ಎರಡು ತಿರಗತಾವಂದ್ರ, ಇಷ್ಟ ದಿನಾ ಎರಡೂ ಯಾಕ ಹಚ್ಚತಿದ್ದಿರಿ?"

ಅವತ್ತಿನಿಂದ ಆ ಮನೆಯಲ್ಲಿ ಅಳಿಯಂದಿರು ಊಟಕ್ಕೆ ಬಂದರೆ ಮೊದಲನೇ ಫ್ಯಾನಿನ ಮುಂದೆ ತಾಟು ಹಾಕುತ್ತಾರೆ. ನಾನು ಹೋದರೆ ಎರಡನೆಯದರ ಮುಂದೆ.

ಬೆಲ್ಲದ ಲಾರಿ

ನಾಲ್ಕು ತಿಂಗಳು ಟ್ರಕ್ಕು ಚೆನ್ನಾಗಿ ದುಡಿಯಿತು. ಹೆದ್ದಾರಿಯ ಡ್ರೈವರುಗಳಿಗೆ ನಮ್ಮ ಗ್ಯಾರೇಜಿನ ಗುರುತಾಯಿತು. ಕಬ್ಬಿನ ಹಂಗಾಮಿಗೆ ಟ್ರ್ಯಾಕ್ಟರುಗಳನ್ನು ಜಗ್ಗಿಕೊಡುವ ಮಾತೂ ಆಗಿತ್ತು. ಹಂಗಾಮಿಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಮೇಲವಂಕಿ ಕಡೆಯ ಬೆಲ್ಲದ ಲಾರಿಯೊಂದು ಊರ ಹೊರಗಿನ ಏರಿನಲ್ಲಿ ನಿಂತಿತು. ಹಿಂದೆ ವಾಹನಗಳ ಸಾಲು. ನಾವು ಹೋಗಿ ಚೈನು ಬಿಗಿದೆವು. ಲಾರಿಯ ಡ್ರೈವರು ತನ್ನ ಸ್ಟೇರಿಂಗ್ ಹಿಡಿದು ಕೂತ.

ಆಕ್ಸಿಲರೇಟರ್ ಒತ್ತಿದೆ. ಇಂಜಿನ್ನು ಒದರಿತು, ಗಾಡಿ ಕದಲಲಿಲ್ಲ. ಇನ್ನಷ್ಟು ಒತ್ತಿದೆ. ಒಂದು ಮಾರು ಸರಿದು ನಿಂತಿತು. ಬೆಲ್ಲದ ವಜ್ಜಿ, ಅಂದರೆ ಭಾರ, ಜಾಸ್ತಿ ಇರಬೇಕೆಂದು ನಾನು ಒತ್ತುತ್ತಲೇ ಹೋದೆ. ಹತ್ತು ನಿಮಿಷ ಹೀಗೇ ನಡೆಯಿತು. ಕೆಳಗಿನಿಂದ ಸುಟ್ಟ ಎಣ್ಣೆಯ ವಾಸನೆ ಬಂತು, ಆಮೇಲೆ ಹೊಗೆ, ಆಮೇಲೆ ನಮ್ಮ ಟ್ರಕ್ಕೂ ನಿಂತಿತು. ಏರಿನಲ್ಲಿ ಈಗ ಕೆಟ್ಟ ಗಾಡಿ ಎರಡು.

ಕಾಕಾ ಇಳಿದು ಲಾರಿಯ ಹತ್ತಿರ ಹೋದರು. ಡ್ರೈವರನ ಕೈ ಹ್ಯಾಂಡ್ ಬ್ರೇಕಿನ ಮೇಲಿತ್ತು. ಬ್ರೇಕು ಪೂರ್ತಿ ಎಳೆದಿತ್ತು.

"ಬ್ರೇಕ್ ಯಾಕ ಎಳದಿಯೋ?"

"ನೀವು ಯಾರೋ ಏನೋ ನನಗ ಗೊತ್ತಿಲ್ರಿ. ಜೋರ ಹೊಡಕೊಂಡು ನನ್ನ ಲಾರಿ ಎಲ್ಲಿಗರ ಒಯ್ದ್ರ? ಅದಕ್ಕ ಹಿಡಕೊಂಡಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಎಣ್ಣೆ ಕಾದು ಕನ್ವರ್ಟರ್ ಸುಟ್ಟಿದೆ ಎಂದು ವಾಸನೆಯಲ್ಲೇ ಗೊತ್ತಾಗಿತ್ತು. ಹಂಗಾಮು ಕೈತಪ್ಪಿದಂತೆಯೇ. ಕಾಕಾ ಈಗ ಆ ಡ್ರೈವರನ ಜನ್ಮ ಜಾಲಾಡುತ್ತಾರೆ ಎಂದು ಕಾದೆ. ಕಾಕಾ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಹೆಗಲ ಮೇಲೆ ಕೈ ಇಟ್ಟು, ಚಹಾದಂಗಡಿಗೆ ಕರೆದುಕೊಂಡು ಹೋದರು. ಹೋಗುತ್ತ ನನಗೆ ಹೇಳಿದರು, "ತಮ್ಮಾ, ಭಾಳ ದಿನದ ಮ್ಯಾಲ ಒಬ್ಬ ಶಾಣ್ಯಾ ಮನಷ್ಯಾನ್ನ ನೋಡಿದೆ."

ಬಣ್ಣದ ಕೆಳಗಿನ ಬಣ್ಣ

ಗೇರ್ ಪೆಟ್ಟಿಗೆ ಇಳಿಸಿ ಕನ್ವರ್ಟರ್ ತೆಗೆದೆ. ಕಾದು ಕಾದು ನೀಲಿಯಾಗಿತ್ತು. ಇನ್ನೊಂದು ಹುಡುಕಬೇಕಿತ್ತು. ಅಳತೆಗೆ ಇರಲಿ ಎಂದು ಸುಟ್ಟದ್ದನ್ನೇ ಬಾಡಿಗೆ ಟೆಂಪೋದಲ್ಲಿ ಹಾಕಿಕೊಂಡು ಕಾಕಾನೊಂದಿಗೆ ಗೋಕಾಕಕ್ಕೆ ಹೋದೆ.

ಅಲ್ಲಿಯ ಗುಜರಿ ಅಂಗಡಿಯವ ಒಳಗಿನಿಂದ ಒಂದು ಡಬ್ಬಿ ಉರುಳಿಸಿಕೊಂಡು ಬಂದ. ಬೆಳ್ಳಿಯಂತೆ ಹೊಳೆಯುತ್ತಿತ್ತು. "ಬಳಸಿದ್ದ ಅಲ್ರಿ ಇದು. ಕೋರಾ ಮಾಲು."

ಕಾಕಾ ಡಬ್ಬಿಗೆ ಕಿವಿ ಹಚ್ಚಿ ಅಲ್ಲಾಡಿಸಿದರು. ಒಳಗೆ ಏನೋ ಕಟಕಟ ಅಂದಿತು. "ಏನ ಸಪ್ಪಳ?"

"ಹೊಸಾವು ಹಂಗ ಮಾತಾಡತಾವ್ರಿ."

ಕಾಕಾ ಜೇಬಿನಿಂದ ಚಿಕ್ಕ ಚಾಕು ತೆಗೆದು ಬಣ್ಣ ಕೆರೆದರು. ಬೆಳ್ಳಿಯ ಕೆಳಗೆ ಹಳದಿ ಬಂತು. ಹಳದಿಯ ಕೆಳಗೆ ಹಸಿರು. ಹಸಿರಿನ ಕೆಳಗೆ ಕೆಂಪು. ಅಂಗಡಿಯವ ಆಕಾಶ ನೋಡತೊಡಗಿದ.

ಕಾಕಾ ಚಾಕು ಮಡಚಿದರು. "ತಮ್ಮಾ, ಇದು ಕೋರಾ ಅಲ್ಲ. ಮೂರು ಮನಿ ಕೆಡಿಸಿ ನಾಕನೇ ಮನಿಗೆ ಸೀರಿ ಉಟಗೊಂಡು ನಿಂತೈತಿ."

ಮಾರಲಾರೆ ಎಂದ ಸಾವ್ಕಾರ್ರು

ಮೂಡಲಗಿಯಲ್ಲಿ ಹಳೇ ಯಂತ್ರಗಳ ಬಿಡಿಭಾಗ ಇಟ್ಟಿದ್ದ ಜೈನ ಸಾವ್ಕಾರ್ರೊಬ್ಬರಿದ್ದರು. ಅವರಲ್ಲಿ ಕನ್ವರ್ಟರ್ ಇದೆ ಎಂದು ಕೇಳಿ ಮರುದಿನ ಮಧ್ಯಾಹ್ನ ಅಲ್ಲಿಗೆ ಹೋದೆವು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ಇಟ್ಟ, ಎಣ್ಣೆ ಕಾಗದ ಬಿಚ್ಚದ ಕನ್ವರ್ಟರ್. ಖರೇನೇ ಹೊಸದು. ನನ್ನ ಬಾಯಲ್ಲಿ ನೀರು ಬಂತು.

ಸಾವ್ಕಾರ್ರು ನಮ್ಮ ಸುಟ್ಟ ಡಬ್ಬಿಯನ್ನು ನೋಡಿದರು, ಗೇಣು ಹಾಕಿ ಅಳೆದರು. ನಮ್ಮನ್ನು ಸಂಶಯದಿಂದ ನೋಡಿದರು. "ಎಂಥಾ ಗಾಡಿಗೆ? ಏನ ಕೆಲಸಕ್ಕ?"

ಡೀಸೆಲ್ ಟ್ರಕ್ಕು, ನಿಂತ ಲಾರಿ ಜಗ್ಗಲು ಎಂದೆ.

"ಹಂಗಾರ ಇದನ್ನ ನಿಮಗ ಕೊಡಂಗಿಲ್ಲ."

"ಯಾಕ್ರಿ?"

"ಇದು ಸಣ್ಣದು, ಹಗೂರ ಪೆಟ್ರೋಲ್ ಗಾಡೀದು. ಇಂಜಿನ್ನು ಜೋರಾಗಿ ತಿರಗೂತನಕ ಇದು ಹಿಡ್ಯಾಂಗಿಲ್ಲ. ಬರೇ ಗಾಡಿ ಇದ್ದಾಗ ಚಲೋ. ಹಿಂದ ವಜ್ಜಿ ಕಟ್ಟಿದ್ರ ಇಂಜಿನ್ನು ಒದರತೈತಿ, ಗಾಡಿ ಹೋಗಂಗಿಲ್ಲ, ಎಣ್ಣಿ ಕಾಯತೈತಿ. ಹದಿನೈದು ದಿನದಾಗ ಸುಡತೀರಿ. ನಿಮಗ ಅಗಲಂದು ಬೇಕು. ಇಂಜಿನ್ನು ಸಾವಕಾಶ ತಿರಗೂವಾಗನ ಹಿಡದು ಜಗ್ಗಬೇಕು."

ನನಗೆ ಮಾತು ಸರಿ ಕಂಡಿತು. ಕಾಕಾ ನನ್ನನ್ನು ಮೂಲೆಗೆ ಎಳೆದರು. "ತಮ್ಮಾ, ಮಾರೂದಿಲ್ಲ ಅನ್ನೋ ವ್ಯಾಪಾರಿನ್ನ ಕಂಡೀಯೇನು? ಮಾಲು ಅಷ್ಟ ಚಲೋ ಐತಿ. ಯಾರಿಗೋ ತಗದ ಇಟ್ಟಾನ." ತಿರುಗಿ ಹೋಗಿ, "ಅದ ಬೇಕ್ರಿ ನಮಗ" ಎಂದು ಪಟ್ಟು ಹಿಡಿದರು.

"ಕೊಡಂಗಿಲ್ರಿ."

"ಕೊಡ್ರಿ."

"ಸುಟ್ಟಮ್ಯಾಲ ನನ್ನ ಬೈತೀರಿ."

"ಬಯ್ಯಂಗಿಲ್ರಿ. ಸುಮ್ಮನ ಸುಟಗೋತೇವಿ. ಕೊಡ್ರಿ!"

ಗಿರಾಕಿ ಕೈಮುಗಿಯುವುದು, ವ್ಯಾಪಾರಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂತುಬಿಡುವುದು, ಇದನ್ನು ನಾನು ಮೊದಲ ಸಲ ನೋಡಿದೆ. ಹೊತ್ತು ಇಳಿಯುತ್ತ ಬಂತು. ಸಾವ್ಕಾರ್ರು ಹೊತ್ತು ಮುಳುಗುವ ಮೊದಲು ಊಟ ಮುಗಿಸುವವರು, ಚಡಪಡಿಸತೊಡಗಿದರು. "ನಿಮ್ಮಂಥಾದ ಇನ್ನೊಂದು ಟ್ರಕ್ಕು ಹುಕ್ಕೇರಿಯಾಗ ಐತಿ. ಕಾಂಟ್ರ್ಯಾಕ್ಟರ್ ಒಬ್ಬಾಂವ ತಂದಿದ್ದ, ತೀರಿಕೊಂಡ. ಅವನ ಹೆಂಡ್ತಿ ಅದಾಳ. ಆ ಡಬ್ಬಿ ನಿಮಗ ಕೂಡತೈತಿ, ಹೋಗ್ರಿ. ಈಗ ಊಟಕ್ಕ ಏಳ್ರಿ, ನೀವೂ ಬರ್ರಿ."

ಕಾಕಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಮಾಲು ಕೊಡಂಗಿಲ್ಲ, ಊಟ ಕೊಡ್ತಾನಂತ. ಏನೋ ಐತಿ."

ಆ ಸಂಶಯದಲ್ಲೇ ಅವರು ಐದು ರೊಟ್ಟಿ ತಿಂದರು. ಆರನೆಯದು ಬೇಡ ಅಂದರು. ಸಾವ್ಕಾರ್ರು ಒತ್ತಾಯ ಮಾಡಿದ್ದರಿಂದ ಸಂಶಯ ಹೆಚ್ಚಾಗಿತ್ತಂತೆ.

ಹುಕ್ಕೇರಿಯ ಆಯಿ

ಹುಕ್ಕೇರಿಯ ಅಂಚಿನಲ್ಲಿ ಆ ಮನೆ. ಅಂಗಳದಲ್ಲಿ ನಮ್ಮ ಟ್ರಕ್ಕಿನ ಒಡಹುಟ್ಟಿದಂಥ ಟ್ರಕ್ಕು ಗಾಲಿವರೆಗೆ ಮಣ್ಣಲ್ಲಿ ಹೂತು ನಿಂತಿತ್ತು. ಅದರ ಕನ್ವರ್ಟರನ್ನು ಯಾರೋ ಯಾವಾಗಲೋ ಬಿಚ್ಚಿ ಹೊರಗೆ ಇಟ್ಟಿದ್ದರು. ಅದಕ್ಕೊಂದು ಆಡು ಕಟ್ಟಿತ್ತು. ಆಡಿಗೆ ಚುಚ್ಚದಿರಲಿ ಎಂದು ಡಬ್ಬಿಯ ಮೂತಿಗೆ ಹಳೇ ಸೀರೆಯ ಬಟ್ಟೆ ಸುತ್ತಿದ್ದರು. ಬಿಚ್ಚಿ ನೋಡಿದರೆ ಒಂದು ಚೂರೂ ತುಕ್ಕಿಲ್ಲ. ಅಳತೆ ಹಿಡಿದೆ, ನಮ್ಮದಷ್ಟೇ ಅಗಲ. ಬೋಲ್ಟಿನ ತೂತು ಕೂಡಿದವು. ಒಳಗೆ ಬೆರಳು ಹಾಕಿ ತಿರುಗಿಸಿದೆ, ಸಪ್ಪಳವಿಲ್ಲದೆ ತಿರುಗಿತು. ನನ್ನ ಎದೆ ಹಗುರಾಯಿತು.

ಮನೆಯ ಒಡತಿ ಎಪ್ಪತ್ತು ದಾಟಿದ ಆಯಿ. ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು.

"ಇದಕ್ಕಂತ ಯಮಕನಮರಡಿಯಿಂದ ಬಂದೀರಿ?"

"ಹೌದ್ರಿ ಆಯಿ."

"ಟೆಂಪೋ ಮಾಡಿಕೊಂಡು? ಇಬ್ಬರು?" ಆಯಿ ಕಣ್ಣು ಸಣ್ಣ ಮಾಡಿದಳು. "ಒಳಗ ಬಂಗಾರ ಐತೇನು?"

"ಇಲ್ರಿ, ಎಣ್ಣಿ ಇರತೈತಿ."

"ಹಂಗಾರ ನನ್ನ ಕಣ್ಣ ಮುಂದ ಒಡೀರಿ. ಬಂಗಾರ ಇರದಿದ್ರ ಒಯ್ರಿ."

ಒಡೆದರೆ ಅದು ಗುಜರಿ. ನಾನು ಸಹಾಯಕ್ಕೆಂದು ಕಾಕಾನ ಮುಖ ನೋಡಿದೆ. ಆ ಮುಖ ಅರಳಿತ್ತು. "ಆಯಿ ಹೇಳೂದು ಖರೆ ಐತಿ ತಮ್ಮಾ. ನಾ ಮೊದಲಿಂದ ಇದ ಹೇಳಾಕತ್ತೇನಿ. ಒಡಿಯೂನು."

ಇಬ್ಬರ ನಡುವೆ ಸಿಕ್ಕು ನಾನು ಒಂದು ದಾರಿ ಹುಡುಕಿದೆ. ಟೆಂಪೋದಲ್ಲಿದ್ದ ಸುಟ್ಟ ಡಬ್ಬಿ ಇಳಿಸಿ, ಇದೂ ಅದೂ ಒಂದೇ ಜಾತಿ, ಇದನ್ನು ಕೊಯ್ದು ತೋರಿಸುತ್ತೇವೆ ಎಂದೆ. ಕಾಕಾ ಗರಗಸ ಹಿಡಿದು ಕೂತರು. ಎರಡು ತಾಸು, ಮೂರು ಬ್ಲೇಡು. ಡಬ್ಬಿ ಎರಡು ಹೋಳಾಯಿತು. ಕಪ್ಪು ಎಣ್ಣೆ ಹರಿಯಿತು. ಆ ಹೋಳಿನಲ್ಲೊಂದು ರೆಕ್ಕೆಗಳ ಚಕ್ರ, ಈ ಹೋಳಿನಲ್ಲೊಂದು, ನಡುವೆ ಸಣ್ಣದೊಂದು. ಕಾಕಾ ಒಂದೊಂದರ ಮೇಲೂ ಬೆರಳಾಡಿಸಿ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ಕೇಳಿದರು:

"ನೀ ಎರಡ ಫ್ಯಾನ ಅಂದಿದ್ದಿ. ಮೂರು ಅದಾವ. ಒಂದನ್ನ ಯಾಕ ಮುಚ್ಚಿಟ್ಟಿದ್ದಿ?"

ಆಯಿಯೂ ಬಗ್ಗಿ ನೋಡಿದಳು. "ಇದರಾಗ ಬಂಗಾರ ಇಲ್ಲ. ಆತು. ಆದ್ರ ಇದು ನಿಮ್ಮ ಡಬ್ಬಿ. ನಮ್ಮದರಾಗ ಇಲ್ಲಂತ ಹೆಂಗ ನಂಬಲಿ?"

ನನಗೆ ಅಳು ಬರುವುದೊಂದೇ ಬಾಕಿ. "ಆಯಿ, ನೀವ ನಮ್ಮ ಕೂಡ ಬರ್ರಿ. ಡಬ್ಬಿ ಗಾಡಿಗೆ ಕೂಡಸೂತನಕ ನಿಮ್ಮ ಕಣ್ಣ ಮುಂದನ ಇರಲಿ" ಅಂದೆ. ಆಡಿದ ಮಾತಿಗೆ ಒಪ್ಪುತ್ತಾಳೆಂದು ಅಂದುಕೊಂಡಿರಲಿಲ್ಲ. ಆಯಿ ಒಳಗೆ ಹೋಗಿ ಬಾಗಿಲಿಗೆ ಎರಡು ಕೀಲಿ ಜಡಿದು ಬಂದಳು. ಆಡು ಬಿಟ್ಟು ಬರುವುದಿಲ್ಲ ಎಂದಳು. ಹೀಗೆ ಆಯಿ, ಆಡು, ಡಬ್ಬಿ ಮೂವರೂ ಯಮಕನಮರಡಿಗೆ ಬಂದರು.

ಎರಡು ದಿನ ಆಯಿ ಗ್ಯಾರೇಜಿನಲ್ಲಿ ಹೊರಸಿನ ಮೇಲೆ ಕೂತು ನಮ್ಮ ಕೈಗಳನ್ನೇ ಕಾಯ್ದಳು. ನನ್ನ ಹೆಂಡತಿ ಊಟಕ್ಕೆ ಕರೆದರೆ, ಒಂದು ಕೈ ಡಬ್ಬಿಯ ಮೇಲಿಟ್ಟುಕೊಂಡು ಅಲ್ಲೇ ಉಂಡಳು. ಡಬ್ಬಿ ಕೂತಿತು, ಹೊಸ ಎಣ್ಣೆ ತುಂಬಿದೆವು. ಮೂರನೇ ದಿನ ಬೆಳಿಗ್ಗೆ ಖಡಿಕಲ್ಲು ತುಂಬಿದ ಟಿಪ್ಪರೊಂದು ಅದೇ ಏರಿನಲ್ಲಿ ನಿಂತಿತ್ತು. ಹೋದೆವು. ಆಯಿ ನನ್ನ ಮತ್ತು ಕಾಕಾನ ನಡುವೆ ಕೂತಳು. ಟಿಪ್ಪರಿನ ಡ್ರೈವರನಿಗೆ ಹ್ಯಾಂಡ್ ಬ್ರೇಕಿನ ವಿಷಯ ನಾಲ್ಕು ಸಲ ಹೇಳಿ ಬಂದು ಆಕ್ಸಿಲರೇಟರ್ ಮೇಲೆ ಕಾಲಿಟ್ಟೆ. ಇಂಜಿನ್ನು ಒದರಲಿಲ್ಲ. ಗಂಟಲು ಸರಿಮಾಡಿಕೊಂಡಂತೆ ಸಣ್ಣಗೆ ಅಂದು, ಟ್ರಕ್ಕು ಮುಂದೆ ಸರಿಯಿತು. ಏರು ಮುಗಿಯುವತನಕ ಎಣ್ಣೆಯ ಕಾವು ತೋರಿಸುವ ಮುಳ್ಳು ಇದ್ದಲ್ಲೇ ಇತ್ತು. ಕಬ್ಬಿನ ಹಂಗಾಮು ಉಳಿಯಿತು. ನನ್ನ ಕಣ್ಣಲ್ಲಿ ನೀರೇ ಬಂತು.

"ಆತು, ನಂಬಿದೆ," ಅಂದಳು ಆಯಿ. "ಬಂಗಾರ ಇಲ್ಲ."

ಮಧ್ಯಾಹ್ನ ಅದೇ ಟ್ರಕ್ಕಿನಲ್ಲಿ ಆಯಿಯನ್ನೂ ಆಡನ್ನೂ ಹುಕ್ಕೇರಿಗೆ ಬಿಡಲು ಹೋದೆವು. ಆಯಿ ಎರಡು ಕೀಲಿ ತೆಗೆದು ನಮ್ಮನ್ನು ಒಳಗೆ ಕರೆದಳು. ಮೂಲೆಯಲ್ಲಿ ಹಾಸಿಗೆ ಹೊದಿಕೆ ಪೇರಿಸಿಟ್ಟಿದ್ದಳು. ಅವನ್ನೆಲ್ಲ ಇಳಿಸಿದಳು. ಕೆಳಗೊಂದು ಕಟ್ಟಿಗೆಯ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಎಣ್ಣೆ ಕಾಗದದಲ್ಲಿ ಸುತ್ತಿದ ಕನ್ವರ್ಟರ್. ಅದೇ ಅಗಲ, ಅದೇ ಜಾತಿ. ಒಮ್ಮೆಯೂ ಬಳಸಿರಲಿಲ್ಲ.

"ಆಯಿ... ಇದು?"

"ನಮ್ಮ ಯಜಮಾನ್ರು ಜೋಡಿ ತರಿಸಿದ್ರು. ಒಯ್ರಿ, ಇದೂ ನಿಮಗ ಇರಲಿ."

"ಮತ್ತ ಮೊದಲ ಯಾಕ ಹೇಳಲಿಲ್ರಿ? ಆಡು ಕಟ್ಟಿದ್ದನ್ನ ಒಯ್ಯಾಕ ಮೂರು ದಿನ ಒದ್ದಾಡಿದೆವಲ್ಲ!"

"ನೀವು ಎಂಥಾ ಮಂದಿ ಅಂತ ನನಗೇನ ಗೊತ್ತು? ಕಳ್ಳರಾಗಿದ್ರ ಹಳೇದ ಹೋಗ್ತಿತ್ತು."

ಕಾಕಾ ಆಯಿಯನ್ನು ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಮತ್ತೆ ಆಯಿಯನ್ನು ನೋಡಿದರು. ಜೀವಮಾನವಿಡೀ ಯಾರಿಗೂ ತಲೆಬಾಗದ ಮನುಷ್ಯ ಟೋಪಿ ತೆಗೆದು, ಮೊಣಕಾಲೂರಿ, ಆಯಿಯ ಕಾಲಿಗೆ ಕೈ ಚಾಚಿದರು.

ಆಯಿ ಗಕ್ಕನೆ ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿಗೆ ಕಟ್ಟಿದ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು.

"ಯಾಕಪಾ ಕಾಲಿಗೆ ಬೀಳಾಕತ್ತಿ? ಇನ್ನೇನ ಬೇಕಾಗೈತಿ ನಿನಗ?"